ನನ್ನ ಹೆಸರಿಗೆ ಅತ್ತೆಯ ರಿವ್ಯೂ

ಒಂದಿಡೀ ಮಳೆಗಾಲ ನಮ್ಮ ಅತ್ತೆ ನನ್ನನ್ನು 'ವೀಡಿಯೋ' ಅಂತ ಕರೆದಳು. 'ವೀಡಿಯೋ, ಊಟಕ್ಕೆ ಬಾ.' 'ವೀಡಿಯೋ, ಮೋಟಾರ್ ಆಫ್ ಮಾಡು.' 'ಮೇಲ್ಗಡೆ ವೀಡಿಯೋ ಇನ್ನೂ ಎದ್ದಿಲ್ವಾ?' ಕುಂಬಾರಕೊಪ್ಪಲಿನ ನಮ್ಮ ಬೀದಿಗೆ ಹೊಸದಾಗಿ ಬಾಡಿಗೆಗೆ ಬಂದಿದ್ದ ಹೆಂಗಸೊಬ್ಬರು ಅದನ್ನು ನಿಜವಾದ ಹೆಸರೆಂದೇ ತಿಳಿದು, ಅದು ಯಾವ ದೇವರ ಹೆಸರು ಅಂತ ನನ್ನನ್ನೇ ಕೇಳಿದರು. ವಿವರಿಸಲು ಹೊರಟರೆ ಅವರ ಕೈಚೀಲದ ಸೊಪ್ಪು ಬಾಡಿಹೋಗುತ್ತಿತ್ತು. ಮನೆದೇವರು ಅಂದು ಸುಮ್ಮನಾದೆ.

ನಾನು ಮನೆಸಾಮಾನುಗಳ ಬಗ್ಗೆ ಕನ್ನಡದಲ್ಲಿ ವೀಡಿಯೋ ಮಾಡುವವಳು. ಮಿಕ್ಸಿ, ಫ್ಯಾನು, ಗೀಸರು, ಇಂಡಕ್ಷನ್ ಒಲೆ, ಆಗಾಗ ಫೋನು. ಮಹಡಿ ಮೇಲಿನ ರೂಮು, ಒಂದು ಟ್ರೈಪಾಡು, ಹಿಂದಿನ ಗೋಡೆಯ ತೇವ ಕಾಣದಂತೆ ತೂಗುಬಿಟ್ಟ ಒಂದು ಬೆಡ್‌ಶೀಟು, ಇಷ್ಟೇ ನನ್ನ ಬಂಡವಾಳ. ಆದರೂ ಜನ ನಂಬುತ್ತಿದ್ದರು. ಆ ನಂಬಿಕೆಗೆ ಕಾರಣ ನಾನಲ್ಲ, ಅತ್ತೆ.

ಅತ್ತೆ ಅಪ್ಪನ ಅಕ್ಕ. ಅಮ್ಮ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಯಾವ ಸಾಮಾನು ಬಂದರೂ ಮೊದಲು ಅವಳ ಕೈಗೆ ಹೋಗಬೇಕು, ಒಂದು ತಿಂಗಳು ಅಲ್ಲಿ ನರಳಬೇಕು. ಮಿಕ್ಸಿಯಾದರೆ ಮೊದಲು ಒಣಮೆಣಸಿನಕಾಯಿ, ಆಮೇಲೆ ನೆನೆಸಿದ ಉದ್ದು, ಆಮೇಲೆ ಬಸ್ಸಾರಿನ ಖಾರ. ಡಬ್ಬದ ಮೇಲೆ ಬರೆದದ್ದನ್ನು ಅವಳು ಓದುತ್ತಲೇ ಇರಲಿಲ್ಲ. 'ಡಬ್ಬಕ್ಕೇನು, ಏನ್ ಬೇಕಾದ್ರೂ ಬರೆಸ್ಕತದೆ' ಅನ್ನುವುದು ಅವಳ ಮಾತು. ಪರೀಕ್ಷೆಯ ಮಧ್ಯೆ ಕರೆಂಟು ಹೋಗಿಯೋ ನೆಂಟರು ಬಂದೋ ಕೆಲಸ ಕೆಟ್ಟರೆ ತಿಂಗಳನ್ನು ಮತ್ತೆ ಮೊದಲಿನಿಂದ ಎಣಿಸುತ್ತಿದ್ದಳು. ಸಾಮಾನಿನ ಮೇಲೆ ಅಂಟಿಸಿ ಕಳಿಸುವ ತೆಳು ಪ್ಲಾಸ್ಟಿಕ್ಕನ್ನು ಅಷ್ಟರವರೆಗೆ ಯಾರೂ ಕೀಳುವಂತಿರಲಿಲ್ಲ. ನಂಬಿಕೆ ಬಂದ ದಿನ ಅವಳೇ ಕೀಳುತ್ತಿದ್ದಳು. ನಮ್ಮ ಫ್ರಿಜ್ಜು ಬಂದು ಬಹಳ ವರ್ಷವಾಗಿದೆ, ಅದರ ಬಾಗಿಲ ಪ್ಲಾಸ್ಟಿಕ್ಕು ಈಗಲೂ ಹಾಗೇ ಇದೆ. ಅತ್ತೆಗೆ ಅದರ ಮೇಲೆ ಏನೋ ಅನುಮಾನ.

ಅವಳ ತೀರ್ಪುಗಳು ಮೂರು ಬಗೆ. ಕೆಟ್ಟ ಸಾಮಾನಿನ ಬಗ್ಗೆ ಮಾತೇ ಇಲ್ಲ. ನಡೆದುಕೊಂಡು ಹೋಗುವಂಥದ್ದಕ್ಕೆ 'ಇರ್ಲಿ'. ಎಲ್ಲಕ್ಕಿಂತ ಮೇಲಿನದು 'ಪರವಾಗಿಲ್ಲ'. ಆ 'ಪರವಾಗಿಲ್ಲ' ನನ್ನ ವೀಡಿಯೋಗಳಲ್ಲಿ ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಬೇರೆ ಜಿಲ್ಲೆಯವರೂ ಕೆಳಗೆ ಕಾಮೆಂಟಿನಲ್ಲಿ ಬೆಲೆ ಕೇಳುವ ಮೊದಲು 'ಅತ್ತೆ ಪರವಾಗಿಲ್ಲ ಅಂದ್ರಾ?' ಅಂತ ಕೇಳುತ್ತಿದ್ದರು. ಒಮ್ಮೆ ಒಂದು ಕಂಪನಿಯವರು ಮಿಕ್ಸಿಯ ಜೊತೆಗೆ ಊಟದ ತಟ್ಟೆಗಳ ಸೆಟ್ಟನ್ನೂ ಕಳಿಸಿದ್ದರು. ಅತ್ತೆ ಎರಡನ್ನೂ ಅದೇ ಡಬ್ಬಕ್ಕೆ ತುಂಬಿ ವಾಪಸು ಕಳಿಸಿದಳು. 'ತಟ್ಟೆ ಇಸ್ಕಂಡು ಮಿಕ್ಸಿ ಬೈಯಾಕೆ ನಂಗೆ ಬರಲ್ಲ ಕಣಪ್ಪ' ಅಂದಳು. ಆಗ ನಾನಿನ್ನೂ ಅವಳ ಬಾಯಲ್ಲಿ ಕಣಪ್ಪನೇ ಆಗಿದ್ದೆ.

ನಾನು ಹೆಣ್ಣು ಅನ್ನುವುದನ್ನು ಮನೆಯಲ್ಲಿ ಹೇಳಿದ್ದು ಒಂದು ಸಂಜೆ, ಕಾಫಿ ಹೊತ್ತಿಗೆ. ಅಪ್ಪ ಸ್ವಲ್ಪ ಹೊತ್ತು ಅತ್ತರು. ಆಮೇಲೆ ಕಣ್ಣೊರೆಸಿಕೊಂಡು, ಗ್ಯಾಸ್ ಕನೆಕ್ಷನ್ ಯಾರ ಹೆಸರಲ್ಲಿದೆ ಅಂತ ಕೇಳಿದರು. ನಿಮ್ಮ ಹೆಸರಲ್ಲೇ ಇದೆ ಅಂದಾಗ ಅವರಿಗೆ ನಿಜಕ್ಕೂ ಸಮಾಧಾನವಾಯಿತು. ಅತ್ತೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, 'ಅಂಗಾದ್ರೆ ತಲೆಗೆ ಎಣ್ಣೆ ಇಕ್ಕು, ಆ ಕೆದ್ರಿದ ಕೂದ್ಲು ನೋಡಿ ಯಾರು ಹೆಣ್ಣು ಅಂತಾರೆ' ಅಂದಳು. ಅಷ್ಟೇ. ನಾನು ವರ್ಷಗಟ್ಟಲೆ ಹೆದರಿದ್ದು ಇದಕ್ಕಾ ಅನ್ನಿಸಿತು. ಸಂತೋಷದಲ್ಲಿ ನಾನೊಂದು ಕೆಲಸ ಮಾಡಿದೆ. ಮನಸ್ಸಿನಲ್ಲೇ ಬಹಳ ಕಾಲದಿಂದ ಇಟ್ಟುಕೊಂಡಿದ್ದ ನನ್ನ ಹೆಸರನ್ನು ವೀಡಿಯೋದಲ್ಲಿ ಎಲ್ಲರಿಗೂ ಹೇಳಿಬಿಟ್ಟೆ.

ಅತ್ತೆ ಅದನ್ನು ನೋಡಿದ್ದು ಅಡಿಗೆಮನೆಯಲ್ಲಿ, ಫೋನನ್ನು ಹುಣಸೇಹಣ್ಣಿನ ಡಬ್ಬಕ್ಕೆ ಒರಗಿಸಿಕೊಂಡು. ನೋಡಿ ಮುಗಿಸಿ ಫೋನನ್ನು ಬೋರಲು ಹಾಕಿದಳು.

ನಮ್ಮಲ್ಲಿ ಮಗುವಿಗೆ ಹೆಸರಿಡುವವಳು ಸೋದರತ್ತೆ. ಮಗುವನ್ನು ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮೂರು ಸಲ ಹೆಸರು ಹೇಳಬೇಕು. ಅವಳು ಹೇಳುವವರೆಗೆ ಆ ಹೆಸರನ್ನು ಬೇರೆ ಯಾರೂ ಬಾಯಿಬಿಟ್ಟು ಅನ್ನುವಂತಿಲ್ಲ. ಹೆಸರಿಟ್ಟ ಅತ್ತೆಗೆ ಸೀರೆ ಕೊಡುತ್ತಾರೆ. ನನ್ನ ತೊಟ್ಟಿಲಿಗೆ ಬಾಗಿ ಹಳೆಯ ಹೆಸರು ಹೇಳಿದ್ದು ಇವಳೇ, ಅದಕ್ಕೆ ಸಿಕ್ಕ ಹಸಿರು ನೂಲಿನ ಸೀರೆ ಅವಳ ಟ್ರಂಕಿನಲ್ಲಿ ನುಸಿಗುಳಿಗೆಗಳ ನಡುವೆ ಇತ್ತು. ಮದುವೆ ಮುಂಜಿಗೆ ಕೂಡ ಉಡದೆ ಇಟ್ಟಿದ್ದಳು. ಈಗ ಹೊಸ ಹೆಸರನ್ನು ಮಂಡ್ಯ, ಹಾಸನ, ಕೊಳ್ಳೇಗಾಲದವರೆಲ್ಲ ಅವಳಿಗಿಂತ ಮೊದಲೇ ಕೇಳಿಬಿಟ್ಟಿದ್ದರು. ಅತ್ತೆಯ ತಕರಾರು ನಾನು ಹೆಣ್ಣಾದುದಕ್ಕಲ್ಲ. ಅವಳ ಅಧಿಕಾರವನ್ನು ಒಂದು ಟ್ರೈಪಾಡು ಕಿತ್ತುಕೊಂಡಿತ್ತು.

'ಹೆಸರು ಯಾರು ಇಟ್ರು?' ಅಂತ ಅಪ್ಪನನ್ನು ಕೇಳಿದಳು.

'ಅವಳೇ ಇಟ್ಕೊಂಡ್ಳು ಕಣಕ್ಕ.'

'ವೀಡಿಯೋ ಇಡ್ತು ಅನ್ನು.'

ಅಲ್ಲಿಂದ ನಾನು ವೀಡಿಯೋ ಆದೆ. ಹಳೆಯ ಹೆಸರನ್ನು ಅವಳು ಬಿಟ್ಟಳು, ಅದನ್ನು ಒಪ್ಪಿಕೊಳ್ಳಬೇಕು. ಹೊಸದನ್ನು ಹಿಡಿಯಲಿಲ್ಲ. ನನಗೂ ಸಿಟ್ಟು ಬಂತು. ಆ ಹೆಸರನ್ನು ಎಷ್ಟೋ ವರ್ಷ ಬಾಯಿಂದ ಹೊರಗೆ ಬಿಡದೆ ಕಾಪಾಡಿದವಳು ನಾನು, ನನಗಿಂತ ದೊಡ್ಡ ಸೋದರತ್ತೆ ಅದಕ್ಕೆ ಯಾರಿದ್ದಾರೆ? ಊರೆಲ್ಲ ನನ್ನನ್ನು ಹೇಗೆ ಬೇಕಾದರೂ ಕರೆಯಲಿ, ಅದಕ್ಕೆ ಉತ್ತರ ಕೊಡುವಷ್ಟು ಬಾಯಿ ನನಗಿದೆ. ಅತ್ತೆಯ ಬಾಯಲ್ಲಿ ನನ್ನ ಹೆಸರು ಕೇಳಬೇಕು ಅನ್ನುವುದು ಮಾತ್ರ ನನಗೆ ಹಸಿವಿನ ಹಾಗೆ ಹತ್ತಿಕೊಂಡಿತು.

ಊರಿನವರದ್ದು ಬೇರೆ ಬಗೆಯ ಗಲಾಟೆ. ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಒಂದು ಬೆಳಿಗ್ಗೆ ಗೇಟಿನ ಹತ್ತಿರ ಬಂದು ನಿಂತರು. ಬಹಳ ಒಳ್ಳೆಯವರು, ತಪ್ಪು ಮಾತಾಡಿಬಿಟ್ಟೇನು ಅನ್ನುವ ಭಯ ಅವರಿಗೆ ಜಾಸ್ತಿ. ಪೇಪರು ಪುಸ್ತಕ ಎಲ್ಲ ಓದಿ ತಯಾರಾಗಿ ಬಂದಿದ್ದರು.

'ಲಿಂಗತ್ವ ಅಲ್ಪಸಂಖ್ಯಾತ ಸಮುದಾಯಕ್ಕೆ ಸೇರಿದ ಮಾನ್ಯ ನೆರೆಯವರೇ' ಅಂದರು.

'ಹೆಸರು ಹಿಡಿದು ಕರೀರಿ ಸಾರ್.'

'ಛೆ ಛೆ, ಅದು ಅಗೌರವ ಆಗಲ್ವೇನಮ್ಮ?'

ಆಮೇಲೆ ಬಂದ ವಿಷಯಕ್ಕೆ ಇಳಿದರು. ನನ್ನ ಮಾತು ಕೇಳಿ ಅವರೊಂದು ಗೀಸರು ತೆಗೆದುಕೊಂಡಿದ್ದರು. ಆ ವೀಡಿಯೋ ಹಳೆಯ ಹೆಸರಿನಲ್ಲಿದ್ದಾಗ ಮಾಡಿದ್ದು. ಈಗ ಹೇಳಿದವರ ಹೆಸರೇ ಇಲ್ಲವಾದ ಮೇಲೆ ಗೀಸರಿನ ಬಗ್ಗೆ ಹೇಳಿದ್ದು ಚಾಲ್ತಿಯಲ್ಲಿದೆಯೇ, ಅಥವಾ ಅವರು ಹೊಸದಾಗಿ ಕೇಳಿಸಿಕೊಳ್ಳಬೇಕೇ? ತಮಾಷೆ ಮಾಡುತ್ತಿದ್ದಾರೆ ಅಂದುಕೊಂಡೆ. ಮುಖ ನೋಡಿದರೆ ಅವರಿಗೆ ನಿಜವಾದ ಚಿಂತೆ. ನೀರು ಕಾಯ್ತಾ ಇದೆಯಾ ಸಾರ್ ಅಂದೆ. ಚೆನ್ನಾಗಿ ಕಾಯುತ್ತಿದೆ ಅಂದರು. ಹಾಗಾದರೆ ಚಾಲ್ತಿಯಲ್ಲಿದೆ ಅಂದೆ. ಕೈಮುಗಿದು ಹೋದರು.

ಕಾಮೆಂಟುಗಳಲ್ಲಿ ಇಷ್ಟು ಮರ್ಯಾದೆ ಇರಲಿಲ್ಲ. 'ಅಣ್ಣ ಹೇಳಿದ ಫ್ಯಾನ್ ತಗೊಂಡಿದ್ದೆ, ಅಕ್ಕ ಜವಾಬ್ದಾರಿ ತಗೋತಾರಾ?' ಅಂತ ಒಬ್ಬ. ಬೇಕೆಂದೇ ಹಳೆಯ ಹೆಸರು ಬರೆದು ನಗುವವರು ಕೆಲವರು. 'ಹೆಸರೇ ಬದಲಾಯಿಸಿದವರ ಮಾತು ನಂಬೋದು ಹೇಗೆ' ಅಂತ ಕೇಳಿದವನಂತೂ ನನ್ನ ತಲೆ ಕೆಡಿಸಿದ. ಇದೇ ಊರಿನಲ್ಲಿ ಇನ್ನೊಬ್ಬ ವೀಡಿಯೋದವನಿದ್ದಾನೆ. ಫೋನು ಪುಕ್ಕಟೆ ಬಂದ ದಿನವೇ, ಚಾರ್ಜು ಕೂಡ ಹಾಕದೆ, ಇಂಥ ಬ್ಯಾಟರಿ ಭೂಮಿಯ ಮೇಲೇ ಇಲ್ಲ ಅನ್ನುತ್ತಾನೆ. ಮುಂದಿನ ವಾರ ಬೇರೆ ಕಂಪನಿಯ ಫೋನಿಗೂ ಅದೇ ಮಾತು. ಅವನು ಹುಟ್ಟಿದಾಗಿನ ಹೆಸರಿನಲ್ಲೇ ಇದ್ದಾನಲ್ಲ, ಆದ್ದರಿಂದ ನಂಬಿಕಸ್ಥ. ನಾನು ಒಂದು ವೀಡಿಯೋ ಮಾಡಿ, ಹಿಂದೆ ಹೇಳಿದ್ದೆಲ್ಲ ನಾನೇ ಹೇಳಿದ್ದು, ಎಲ್ಲಕ್ಕೂ ಬದ್ಧಳಾಗಿದ್ದೇನೆ, ಆ ಕಪ್ಪು ಪವರ್ ಬ್ಯಾಂಕ್ ಒಂದನ್ನು ಬಿಟ್ಟು, ಅದು ಆಮೇಲೆ ಊದಿಕೊಂಡಿತು, ಅಂತ ಹೇಳಿದೆ. ಜನ ಪವರ್ ಬ್ಯಾಂಕಿನ ಬಗ್ಗೆ ಜಗಳಕ್ಕೆ ಬಿದ್ದರು. ನನ್ನ ಹೆಸರು ಸ್ವಲ್ಪ ದಿನ ಹಿಂದೆ ಸರಿಯಿತು.

ಮಳೆ ಕಡಿಮೆಯಾಗುವ ಹೊತ್ತಿಗೆ ಒಂದು ಫೋನು ಬಂತು. ನನ್ನ ಮೊಬೈಲು ಅಡಿಗೆಮನೆಯಲ್ಲಿ ಚಾರ್ಜಿಗಿತ್ತು. ಅತ್ತೆ ಎತ್ತಿ ಸ್ಪೀಕರಿಗೆ ಹಾಕಿದಳು. ಆ ಕಡೆ ಮಿಕ್ಸಿ ಕಂಪನಿಯವನು ಹಳೆಯ ಹೆಸರು ಹೇಳಿ, ಅವರಿದ್ದಾರಾ ಅಂದ.

'ಆ ಹೆಸರಿನೋರು ಈ ಮನೇಲಿಲ್ಲ ಕಣಪ್ಪ.'

'ವೀಡಿಯೋ ಮಾಡೋರ ನಂಬರ್ ಅಲ್ವಾ ಮೇಡಂ?'

'ವೀಡಿಯೋ ಮಾಡೋಳು ಅವ್ಳೆ.'

ಮೆಟ್ಟಿಲ ಮೇಲಿದ್ದ ನಾನು ಅಡಿಗೆಮನೆ ಬಾಗಿಲಿಗೆ ಓಡಿದೆ. 'ಅವ್ಳೆ' ಅಂದಿದ್ದಳು, ಇದ್ದಾಳೆ ಅಂತ, ಎಷ್ಟು ಸಲೀಸಾಗಿ.

'ಅವರ ಹೆಸರೇನು ಮೇಡಂ?'

ಅತ್ತೆ ಒಗ್ಗರಣೆ ಸೌಟನ್ನು ಒಲೆಯ ಮೇಲೆ ಹಿಡಿದಿದ್ದಳು. ಸಾಸಿವೆ ಸಿಡಿದು ಮುಗಿಯಿತು. ಫೋನನ್ನು ನನ್ನ ಕಡೆ ಚಾಚಿ, 'ನೀನೇ ಹೇಳ್ಕೊ' ಅಂದಳು.

ಅವನಿಗೆ ಬೇಕಾಗಿದ್ದದ್ದು ಹೊಸ ಮಿಕ್ಸಿಗೆ ಒಂದು ವೀಡಿಯೋ. ಒಂದೇ ವಿನಂತಿ, ಹಳೆಯ ಹೆಸರಿನಲ್ಲಿ ಮಾಡಿಕೊಡಬೇಕು. ಜನ ನಂಬಿರುವುದು ಆ ಹೆಸರನ್ನು ಮೇಡಂ, ಅಂದ. ಆ ಮಿಕ್ಸಿ ನನಗೆ ಗೊತ್ತಿತ್ತು. ಹೋದ ವರ್ಷ ಬೇರೆ ಹೆಸರಿನಲ್ಲಿ ಅಂಗಡಿಗೆ ಬಂದಿದ್ದ ಮಿಕ್ಸಿಯೇ, ಬಣ್ಣ ಮತ್ತು ಹೆಸರು ಬದಲಾಯಿಸಿಕೊಂಡು ಬಂದಿತ್ತು. ಮಿಕ್ಸಿಗಿರುವ ಸ್ವಾತಂತ್ರ್ಯ ನನಗಿಲ್ಲವಾ ಅಂತ ಕೇಳಿದೆ. ಬೇಕಿದ್ದರೆ ಕಳಿಸಿ, ಒಂದು ತಿಂಗಳು ಬಳಸಿ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ, ನನ್ನ ಹೆಸರಿನಲ್ಲೇ ಹೇಳುತ್ತೇನೆ ಅಂದು ಕಟ್ ಮಾಡಿದೆ.

ಸಿಟ್ಟು ಇನ್ನೂ ಉಳಿದಿತ್ತು, ಎದುರಿಗೆ ಅತ್ತೆ ಇದ್ದಳು.

'ಅತ್ತೆ, ಯಾರೋ ಕಳಿಸೋ ಮಿಕ್ಸಿಗೆ ನೀನು ಒಂದು ತಿಂಗಳು ಟೈಮ್ ಕೊಡ್ತೀಯ. ಫ್ರಿಜ್ಜಿಗೆ ಇಷ್ಟು ವರ್ಷ ಕೊಟ್ಟಿದೀಯ. ನನ್ನ ಹೆಸರಿಗೆ ಒಂದು ದಿನ ಕೊಡ್ಲಿಲ್ಲ. ಬಳಸಿ ನೋಡ್ದೇನೆ ಬೇಡ ಅಂದ್ಬುಟ್ಟೆ. ಇದ್ಯಾವ ನ್ಯಾಯ?'

ಅತ್ತೆ ಒಲೆಯ ಕಡೆ ತಿರುಗಿದಳು. ಸಾರಿಗೆ ಉಪ್ಪು ಹಾಕಿದಳು, ಇನ್ನೊಮ್ಮೆ ಹಾಕಿದಳು. ಆ ದಿನದ ಸಾರನ್ನು ನಮಗ್ಯಾರಿಗೂ ಉಣ್ಣಲಾಗಲಿಲ್ಲ. ಬಳಸದೆ ತೀರ್ಪು ಕೊಟ್ಟೆ ಅನ್ನುವ ಮಾತು ಅವಳಿಗೆ ಎಲ್ಲಿ ತಾಕಬೇಕೋ ಅಲ್ಲಿ ತಾಕಿತ್ತು.

ಮಾರನೆಯ ಬೆಳಿಗ್ಗೆ ಹಿತ್ತಲಿನಿಂದ ನನ್ನ ಹೆಸರು ಕೇಳಿಸಿತು. ಡಬ್ಬದ ಮೇಲಿನ ಅಕ್ಷರ ಓದುವಂತೆ, ರಾಗವಿಲ್ಲದೆ. ನಾನು ಹಲ್ಲುಜ್ಜುವ ಬ್ರಷ್ಷಿನ ಸಮೇತ ಓಡಿದೆ.

'ಏನತ್ತೆ?'

'ಏನಿಲ್ಲ. ಕೇಳುಸ್ತಾ?'

'ಕೇಳುಸ್ತು.'

'ಸರಿ, ಹೋಗು.'

ಪರೀಕ್ಷೆ ಶುರುವಾಗಿತ್ತು. ಗೇಟಿನಿಂದ ಕರೆದಳು. ಟೆರೇಸಿನಿಂದ ಕರೆದಳು. ಕುಕ್ಕರು ಕೂಗುವಾಗ ಕರೆದಳು, ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಕರೆದಳು. ಪ್ರತಿಯೊಂದಕ್ಕೂ ಅವಳ ಟಿಪ್ಪಣಿ. 'ಕೊನೇಲಿ ಮೆತ್ತಗಾಯ್ತದೆ. ಸಿಟ್ಟಲ್ಲಿ ಕೂಗಾಕೆ ಹಿಡಿತ ಸಿಗಲ್ಲ.' ಸಿಟ್ಟಿನ ಪರೀಕ್ಷೆಗೆ ನನ್ನ ಸಹಕಾರ ಬೇಕಾಯಿತು. 'ಏನಾದ್ರೂ ತಪ್ಪು ಮಾಡು, ಬೈದು ನೋಡ್ಬೇಕು' ಅಂದಳು. ಹಾಲು ಉಕ್ಕಿಸಿದೆ. ಬೈದಳು, ಅರ್ಧದಲ್ಲಿ ನಿಲ್ಲಿಸಿ, 'ಅಷ್ಟು ಕೆಟ್ಟದಾಗೇನಿಲ್ಲ' ಅಂದು ಒಲೆ ಒರೆಸಿದಳು. ದೂರದ ಪರೀಕ್ಷೆಗೆ ಅಪ್ಪನನ್ನು ಬೀದಿ ತುದಿಯ ಅರಳಿಕಟ್ಟೆಗೆ ಕಳಿಸಿದಳು. ಕೇಳಿಸಿದರೆ ಕೈ ಎತ್ತಬೇಕು. ಅಪ್ಪ ಕೈ ಎತ್ತಿದರು. ಯಾಕೆ ಎತ್ತಿದ್ದು ಅಂತ ಕೇಳಲು ಹೋದ ಮೇಷ್ಟ್ರೂ ಜೊತೆಗೆ ನಿಂತು ಎತ್ತಿದರು. ಅತ್ತೆಗೆ ತೃಪ್ತಿಯಾಗಲಿಲ್ಲ, ಇನ್ನೊಮ್ಮೆ ಕೂಗಿದಳು. ಹೀಗೆ ಕೆಲವು ದಿನ ನಡೆದ ಮೇಲೆ ಸೊಪ್ಪಿನವಳು, ಇಸ್ತ್ರಿಯವನು, ಹೊಸ ಬಾಡಿಗೆಯವರು ಎಲ್ಲರೂ ನನ್ನನ್ನು ಹೆಸರು ಹಿಡಿದು ಕರೆಯತೊಡಗಿದರು. ಬೀದಿಗೆ ಬೀದಿಯೇ ಅಷ್ಟು ಸಲ ಕೇಳಿಸಿಕೊಂಡಿತ್ತು, ಬೇರೆ ದಾರಿ ಇರಲಿಲ್ಲ. ಮೇಷ್ಟ್ರ ಅಲ್ಪಸಂಖ್ಯಾತ ಸಮುದಾಯವೂ ಮಾನ್ಯ ನೆರೆಯವರೂ ಉದುರಿಹೋದರು.

ಆ ನಡುವೆ ಮಿಕ್ಸಿಯೂ ಬಂತು. ಹೆಸರಿನ ಜೊತೆಗೇ ಅದರ ಪರೀಕ್ಷೆಯೂ ನಡೆಯಿತು.

ತಿಂಗಳು ಮುಗಿಯಲು ಇನ್ನು ಸ್ವಲ್ಪವೇ ಇರುವಾಗ ನನಗೆ ತಡೆಯಲಾಗಲಿಲ್ಲ. ಪೇಟೆಗೆ ಹೋಗಿ ಕುಂಕುಮದ ಬಣ್ಣದ, ಸಣ್ಣ ಜರಿ ಅಂಚಿನ ಸೀರೆ ತಂದು ಅವಳ ಟ್ರಂಕಿನ ಮೇಲಿಟ್ಟೆ. ಹೆಸರಿಟ್ಟ ಅತ್ತೆಗೆ ಸೀರೆ ಸಲ್ಲಬೇಕಲ್ಲ. ಅತ್ತೆ ಪ್ಲಾಸ್ಟಿಕ್ ಕವರಿನ ಮೇಲಿಂದಲೇ ಬೆರಳಾಡಿಸಿದಳು.

'ತಿಂಗಳು ಮುಗೀತಾ?'

'ಇಲ್ಲ.'

'ತಟ್ಟೆ ಕಳಿಸ್ದೋರ್ಗೂ ನಿಂಗೂ ಏನು ವ್ಯತ್ಯಾಸ?'

ಸೀರೆಯನ್ನು ಎತ್ತಿಕೊಂಡು ಹೋಗಿ ಫ್ರಿಜ್ಜಿನ ತಲೆಯ ಮೇಲಿಟ್ಟಳು. ನಾಚಿಕೆಯಾಯಿತು, ನಗುವೂ ಬಂತು. ನನ್ನ ಕಸುಬಿನ ನಿಯಮ ನನ್ನ ಮೇಲೇ ಬಿದ್ದಿತ್ತು.

ಅದಾಗಿ ಎರಡು ದಿನಕ್ಕೆ, ಮಧ್ಯಾಹ್ನದ ನಿದ್ದೆಗಣ್ಣಿನಲ್ಲಿ, ಗೇಟು ಸದ್ದಾಗಿದ್ದು ಕೇಳಿ ಅತ್ತೆ ಹಳೆಯ ಹೆಸರಿನಿಂದ ನನ್ನನ್ನು ಕೂಗಿಬಿಟ್ಟಳು. ಕೂಗಿದ್ದು ಅವಳಿಗೂ ಕೇಳಿಸಿತು. ಎದ್ದು ಕೂತಳು. ನಾನು ಬಾಗಿಲಲ್ಲಿ ನಿಂತಿದ್ದೆ. ಅವಳು ನನ್ನ ಮುಖ ನೋಡಿದಳು. ಸೆರಗಿನಿಂದ ಬಾಯಿ ಒರೆಸಿಕೊಂಡು, 'ಕೆಟ್ಟೋಯ್ತು. ಮತ್ತೆ ಮೊದ್ಲಿಂದ' ಅಂದಳು.

ತಿಂಗಳು ಮತ್ತೆ ಮೊದಲಿನಿಂದ ಶುರುವಾಯಿತು. ಅದೂ ಮುಗಿಯುವ ಮೊದಲು ಇನ್ನೊಮ್ಮೆ ತಪ್ಪಿದಳು, ಮತ್ತೆ ಮೊದಲಿನಿಂದ ಎಣಿಸಿದಳು. ಒಂದಕ್ಕೆ ತೀರ್ಪು ಕೊಟ್ಟು ಇನ್ನೊಂದನ್ನು ಬಿಡಲಾಗುವುದಿಲ್ಲ ಅಂತ ಮಿಕ್ಸಿಯ ತೀರ್ಪನ್ನೂ ತಡೆಹಿಡಿದಳು. ಕಂಪನಿಯವನು ದಿನಾ ಫೋನು ಮಾಡುತ್ತಿದ್ದ. ಈಗ ಅವನು ನನ್ನ ಹೆಸರನ್ನು ಮೇಡಂ ಸೇರಿಸಿ ಸರಿಯಾಗಿ ಹೇಳುತ್ತಿದ್ದ. 'ಅತ್ತೆ ಏನಾದ್ರೂ ಅಂದ್ರಾ ಮೇಡಂ?' 'ಇನ್ನೂ ಏನೂ ಅಂದಿಲ್ಲ.' 'ಮುಖ ಹೆಂಗಿದೆ?' 'ಗೊತ್ತಾಗ್ತಿಲ್ಲ.' ನಾಳೆ ಮತ್ತೆ ಮಾಡ್ತೀನಿ ಅಂದು ಫೋನು ಇಡುತ್ತಿದ್ದ. ಆ ದಿನಗಳಲ್ಲಿ ನನ್ನ ಕಷ್ಟ ಪೂರ್ತಿ ಅರ್ಥವಾಗುತ್ತಿದ್ದದ್ದು ಆ ಒಬ್ಬ ಮನುಷ್ಯನಿಗೆ.

ನಿಜ ಹೇಳಬೇಕೆಂದರೆ ನನಗೆ ಹೆದರಿಕೆಯಾಗಿತ್ತು. ನೀರು ಕುಡಿಯಲು ಹೋದಾಗಲೆಲ್ಲ ಫ್ರಿಜ್ಜಿನ ಬಾಗಿಲ ಪ್ಲಾಸ್ಟಿಕ್ಕು ಕಾಣುತ್ತಿತ್ತು, ಅದರ ತಲೆಯ ಮೇಲೆ ಕವರಿನೊಳಗಿನ ಸೀರೆ ಕಾಣುತ್ತಿತ್ತು. ಅತ್ತೆಗೆ ವಯಸ್ಸಾಗಿದೆ. ಬಳಸುತ್ತಾ ಬಳಸುತ್ತಾ, ಅನುಮಾನ ಪಡುತ್ತಾ, ತೀರ್ಪು ಹೇಳದೇ ಹೊರಟುಬಿಟ್ಟರೆ ನಾನೇನು ಮಾಡಲಿ? ಅವಳು ಕರೆದಾಗಲೆಲ್ಲ ಓಡಿಹೋಗುತ್ತಿದ್ದೆ. ಅದು ಪರೀಕ್ಷೆಯೋ ನಿಜವಾದ ಕರೆಯೋ ತಿಳಿಯುತ್ತಿರಲಿಲ್ಲ.

ಅವರೆಕಾಯಿ ಕಾಲ ಬಂತು. ಒಂದು ಭಾನುವಾರ ಬೆಳಿಗ್ಗೆ ಕೆಳಗೆ ಬಂದಾಗ ಅಡಿಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು. ಅತ್ತೆ ಬೆನ್ನು ಮಾಡಿ ನಿಂತಿದ್ದಳು. ತಲೆಗೆ ಸ್ನಾನ ಮಾಡಿದ್ದಳು. ಉಟ್ಟಿದ್ದದ್ದು ಕುಂಕುಮದ ಬಣ್ಣದ ಸೀರೆ, ಮಡಿಕೆಯ ಗೆರೆಗಳು ಇನ್ನೂ ಹಾಗೇ ಇದ್ದವು. ಪ್ಲಾಸ್ಟಿಕ್ ಕವರು ಕಸದ ಬುಟ್ಟಿಯಲ್ಲಿ ಬಿದ್ದಿತ್ತು.

ಅವಳು ಮಿಕ್ಸಿ ನಿಲ್ಲಿಸಿ, ಅದರ ಮೈಮೇಲಿನ ಪ್ಲಾಸ್ಟಿಕ್ಕನ್ನು ಉಗುರಿನಿಂದ ಎತ್ತಿ ನಿಧಾನವಾಗಿ ಕಿತ್ತಳು. ಪಕ್ಕದಲ್ಲಿದ್ದ ಬಟ್ಟೆ ತೆಗೆದುಕೊಂಡು ಅದನ್ನು ಒರೆಸಿದಳು. ಬಟ್ಟೆ ಹಸಿರು ನೂಲಿನದು. ಅಂಚನ್ನು ನೋಡಿದ ಕೂಡಲೇ ಗುರುತಾಯಿತು. ನನ್ನ ತೊಟ್ಟಿಲ ದಿನದ ಸೀರೆಯನ್ನು ನಾಲ್ಕು ಮೂಲೆಗೆ ಸರಿಯಾಗಿ ಹರಿದು, ಮಡಿಸಿ ಇಟ್ಟಿದ್ದಳು.

'ಅತ್ತೆ, ಅದು...'

'ಹಳೇ ನೂಲು. ನೀರು ಚೆನ್ನಾಗಿ ಹೀರ್ತದೆ' ಅಂದಳು. 'ಕಿವಿ ತಾ ಇಲ್ಲಿ.'

ಬಗ್ಗಿದೆ. ಈಗ ಅವಳಿಗಿಂತ ನಾನು ಎತ್ತರ, ಒಲೆ ಕಟ್ಟೆ ಹಿಡಿದುಕೊಂಡು ಬಹಳ ಬಗ್ಗಬೇಕಾಯಿತು. ಅವಳು ಕಿವಿಗೆ ಕೈ ಅಡ್ಡವಿಟ್ಟು, ಬೇರೆ ಯಾರಿಗೂ ಕೇಳಿಸಬಾರದು ಅನ್ನುವಂತೆ, ಇಡೀ ಕುಂಬಾರಕೊಪ್ಪಲಿಗೆ ಗೊತ್ತಿದ್ದ ನನ್ನ ಹೆಸರನ್ನು ಮೂರು ಸಲ ಹೇಳಿದಳು. ಕಾಫಿಯ ವಾಸನೆ, ಬೆಚ್ಚಗಿನ ಉಸಿರು. ನಾನು ಅತ್ತುಬಿಟ್ಟೆ. ಅವಳು ಹಸಿರು ಬಟ್ಟೆಯ ತುದಿಯಲ್ಲಿ ನನ್ನ ಮುಖವನ್ನೂ ಒರೆಸಿ, ಮತ್ತೆ ಮಿಕ್ಸಿಯ ಕಡೆ ತಿರುಗಿದಳು.

'ಪರವಾಗಿಲ್ಲ' ಅಂದಳು.

ನಾನು ಮೂಗು ಏರಿಸಿಕೊಂಡೆ. ಕಂಪನಿಯವನ ನೆನಪಾಯಿತು, ಪಾಪ, ಅವನೂ ಕಾಯುತ್ತಿದ್ದ. 'ಅವನಿಗೂ ಅದನ್ನೇ ಹೇಳ್ಲಾ ಅತ್ತೆ?'

'ಮಿಕ್ಸಿಗೆ ಬರೀ ಇರ್ಲಿ ಅಂತ ಹೇಳು ಕಣೇ' ಅಂದಳು. 'ಜಾರಿನ ಮುಚ್ಚಳ ಸೋರ್ತದೆ.'